ಗಗನಸಖಿಯ ಮೂಗು

ಮೈಸೂರಿನ ಕೆ.ಆರ್.ಎಸ್. ರಸ್ತೆಯ ಮೇಟಗಳ್ಳಿಯಲ್ಲಿ ಒಂದು ಟೈರ್ ಕಾರ್ಖಾನೆಯಿದೆ. ವಿಕ್ರಾಂತ್ ಟೈರ್ಸ್ ಎಂಬ ಹೆಸರಿನಲ್ಲಿ ಶುರುವಾದ ಅದು ಬಹಳ ವರ್ಷಗಳಿಂದ ಜೆ.ಕೆ. ಟೈರ್ ಸಂಸ್ಥೆಯ ಕೈಯಲ್ಲಿದ್ದರೂ ಹಳಬರ ಬಾಯಲ್ಲಿ ಇನ್ನೂ ವಿಕ್ರಾಂತ್ ಫ್ಯಾಕ್ಟರಿಯೇ. ರಬ್ಬರಿಗೆ ಗಂಧಕ ಬೆರೆಸಿ, ಬಿಸಿ ಮಾಡಿ ಗಟ್ಟಿಗೊಳಿಸುವ ಕೆಲಸ ಎಲ್ಲಿ ನಡೆದರೂ ಅದಕ್ಕೆ ಅದರದೇ ಆದ ಒಂದು ವಾಸನೆ. ಊರಿನಿಂದ ಬಂದ ನೆಂಟರು ಬಸ್ಸಿಳಿಯುತ್ತಲೇ "ಇದೇನು, ರಬ್ಬರ್ ವಾಸನೆ?" ಎಂದು ಕೇಳಿದರೆ, ಅಲ್ಲೇ ಇಪ್ಪತ್ತು ವರ್ಷ ಸಂಸಾರ ಮಾಡಿದ ಗೃಹಿಣಿ "ವಾಸನೆಯಾ? ಎಲ್ಲಿ?" ಎನ್ನಬಹುದು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಮೂಗು ಹೊಸ ವಾಸನೆಯನ್ನು ಕೂಗಿ ಹೇಳುತ್ತದೆ, ಹಳೆಯದನ್ನು ಕೆಲವೇ ನಿಮಿಷಗಳಲ್ಲಿ ಮರೆಯುತ್ತದೆ.

ಆದರೆ ಅದೇ ಗೃಹಿಣಿ ಹಜಾರದಲ್ಲಿ ಕುಳಿತು ಹೂ ಕಟ್ಟುತ್ತಿರುವಾಗ ಅಡುಗೆಮನೆಯಲ್ಲಿ ಹಾಲು ತಳ ಹಿಡಿದರೆ ಅರೆಗಳಿಗೆಯಲ್ಲಿ ಗೊತ್ತಾಗುತ್ತದೆ. ಗೊತ್ತಾಗುವುದಷ್ಟೇ ಅಲ್ಲ, ಸೀದದ್ದು ಹಾಲೋ ಅನ್ನವೋ, ಒಗ್ಗರಣೆ ಮೆಣಸಿನಕಾಯಿಯ ಘಾಟೋ, ಮಿಕ್ಸಿಯ ಮೋಟಾರು ಕಾದದ್ದೋ, ಇಸ್ತ್ರಿ ಪೆಟ್ಟಿಗೆಯ ವೈರು ಕರಗಿದ್ದೋ, ಎದ್ದು ಹೋಗುವ ಮೊದಲೇ ಹೇಳಿಬಿಡುತ್ತಾರೆ. ಈ ವಿದ್ಯೆಯನ್ನು ನಮ್ಮ ಯಾವ ಶಾಲೆಯ ಪಠ್ಯದಲ್ಲೂ ಇಟ್ಟಿಲ್ಲ. ಇದನ್ನು ಪಾಠವಾಗಿ ಕಲಿಸುವ ಒಂದು ಜಾಗವೆಂದರೆ ವಿಮಾನ ಸಿಬ್ಬಂದಿಯ ತರಬೇತಿ ಕೇಂದ್ರ.

ವಿಮಾನದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಕನ್ನಡ ಪತ್ರಿಕೆಗಳು 'ಗಗನಸಖಿ' ಎಂಬ ಚೆಂದದ ಹೆಸರು ಕೊಟ್ಟಿವೆ. ಹೆಸರು ಚೆಂದವೇ, ಆದರೆ ಅದು ಕೆಲಸದ ಕಾಲು ಭಾಗವನ್ನಷ್ಟೇ ಹೇಳುತ್ತದೆ. ಬಾಗಿಲಲ್ಲಿ ನಮಸ್ಕಾರ, ಬೆಲ್ಟು ಕಟ್ಟಿಕೊಳ್ಳಿ ಎಂಬ ಸೂಚನೆ, ಕಾಫಿ, ಬಿಸ್ಕತ್ತು, ಇಷ್ಟನ್ನೇ ಪ್ರಯಾಣಿಕರು ಕಾಣುವುದು. ಮಗಳು ಆ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದರೆ "ಅಷ್ಟು ಓದಿ ತಟ್ಟೆ ಹಂಚುವುದಕ್ಕೆ ಹೋಗ್ತೀಯಾ?" ಎನ್ನುವ ತಂದೆಯರೂ ಉಂಟು. ಪ್ರತಿ 50 ಸೀಟಿಗೆ ಒಬ್ಬರಂತೆ ಸಿಬ್ಬಂದಿ ಇರಲೇಬೇಕೆಂದು ನಮ್ಮ ದೇಶದ ವಿಮಾನಯಾನ ನಿಯಮ ಹೇಳುತ್ತದೆ. 180 ಸೀಟಿನ ವಿಮಾನದಲ್ಲಿ ನಾಲ್ವರು. ಕಾಫಿ ಹಂಚಲು ಎಷ್ಟು ಜನ ಬೇಕು ಎಂದು ಲೆಕ್ಕ ಹಾಕಿ ಮಾಡಿದ ನಿಯಮ ಅದಲ್ಲ. ಬೆಂಕಿ, ಹೊಗೆ, ತುರ್ತು ಇಳಿತ, ಇವುಗಳನ್ನು ನೆನೆದು ಮಾಡಿದ ನಿಯಮ.

ಒಂದು ಘಟನೆಯನ್ನು ನೋಡೋಣ. 2016ರ ಸೆಪ್ಟೆಂಬರ್ 23. ಸಿಂಗಪುರದಿಂದ ಚೆನ್ನೈಗೆ ಬರುತ್ತಿದ್ದ ಇಂಡಿಗೊ ವಿಮಾನ. ಇದ್ದಕ್ಕಿದ್ದಂತೆ ಕೆಲವು ಪ್ರಯಾಣಿಕರಿಗೆ ಹೊಗೆಯ ವಾಸನೆ ಬಡಿಯಿತು. ಅವರು ಸುಮ್ಮನಿರದೆ ಸಿಬ್ಬಂದಿಯನ್ನು ಕರೆದರು. ಹುಡುಕಿದಾಗ 23ನೆಯ ಸಾಲಿನ ಮೇಲೆ, ಸಾಮಾನು ಇಡುವ ಗೂಡಿನಿಂದ ತೆಳ್ಳಗೆ ಹೊಗೆ ಬರುತ್ತಿರುವುದು ಕಂಡಿತು. ಸಿಬ್ಬಂದಿ ಪೈಲಟ್‌ಗೆ ತಿಳಿಸಿದರು. ಪೈಲಟ್ ನೆಲದ ಮೇಲಿನ ಸಂಚಾರ ನಿಯಂತ್ರಣ ಕೇಂದ್ರಕ್ಕೆ ತಿಳಿಸಿದರು. ಹತ್ತಿರದ ಸೀಟುಗಳಲ್ಲಿದ್ದವರನ್ನು ಎಬ್ಬಿಸಿ ಬೇರೆಡೆ ಕೂರಿಸಲಾಯಿತು. ಗೂಡನ್ನು ಪರೀಕ್ಷಿಸಿದರೆ ಒಬ್ಬ ಪ್ರಯಾಣಿಕರ ಚೀಲದೊಳಗೆ ಇದ್ದ ಸ್ಯಾಮ್ಸಂಗ್ ನೋಟ್ 2 ಮೊಬೈಲ್‌ನಿಂದ ಕಿಡಿ ಮತ್ತು ಹೊಗೆ! ಸಿಬ್ಬಂದಿ ಬೆಂಕಿ ಆರಿಸುವ ಸಿಲಿಂಡರ್ ತೆಗೆದು ಅದರ ಮೇಲೆ ಹಾಯಿಸಿದರು. ಆಮೇಲೆ ಆ ಫೋನನ್ನು ನೀರು ತುಂಬಿದ ಪಾತ್ರೆಗೆ ಹಾಕಿ ಶೌಚಾಲಯದಲ್ಲಿ ಇಟ್ಟರು. ವಿಮಾನ ಚೆನ್ನೈಯಲ್ಲಿ ಎಂದಿನಂತೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ.

ಏನೂ ಆಗದ ಸುದ್ದಿಯನ್ನು ಪತ್ರಿಕೆಗಳು ಎರಡು ದಿನಕ್ಕೆ ಮರೆಯುತ್ತವೆ. ಆದರೆ ಇದರಲ್ಲಿ ಪ್ರತಿಯೊಂದು ಹೆಜ್ಜೆಗೂ ಒಂದು ಕಾರಣವಿದೆ, ಪ್ರತಿ ಕಾರಣದ ಹಿಂದೆ ಸ್ವಲ್ಪ ವಿಜ್ಞಾನವಿದೆ.

ಮೊದಲು ಸಿಲಿಂಡರ್, ಆಮೇಲೆ ನೀರು, ಏಕೆ? ವಿಮಾನದ ಕೈಸಿಲಿಂಡರ್‌ಗಳಲ್ಲಿ ಬಹುಕಾಲದಿಂದ ಇರುವುದು ಹ್ಯಾಲನ್ ಎಂಬ ರಾಸಾಯನಿಕ. ಬೆಂಕಿ ಎಂಬುದು ಸರಪಳಿ ಕ್ರಿಯೆ. ಜ್ವಾಲೆಯೊಳಗೆ ಹುಟ್ಟುವ ಚುರುಕು ಕಣಗಳು ಮುಂದಿನ ಅಣುಗಳನ್ನು ಒಡೆಯುತ್ತವೆ, ಅವು ಇನ್ನಷ್ಟು ಕಣಗಳನ್ನು ಹುಟ್ಟಿಸುತ್ತವೆ. ಹ್ಯಾಲನ್‌ನಲ್ಲಿರುವ ಬ್ರೋಮಿನ್ ಈ ಚುರುಕು ಕಣಗಳನ್ನು ಹಿಡಿದು ಸುಮ್ಮನಾಗಿಸಿ ಸರಪಳಿಯನ್ನು ತುಂಡರಿಸುತ್ತದೆ. ಜ್ವಾಲೆ ಕ್ಷಣದಲ್ಲಿ ಅಡಗುತ್ತದೆ. (ಓಜೋನ್ ಪದರಕ್ಕೆ ಹಾನಿ ಮಾಡುತ್ತದೆಂದು ಹ್ಯಾಲನ್ ತಯಾರಿಕೆ ನಿಂತಿದೆ, ಹೊಸ ವಿಮಾನಗಳಿಗೆ ಬದಲಿ ರಾಸಾಯನಿಕಗಳು ಬರುತ್ತಿವೆ.) ಆದರೆ ಹ್ಯಾಲನ್ ತಣಿಸುವುದಿಲ್ಲ. ಲಿಥಿಯಂ ಬ್ಯಾಟರಿಯ ಕಷ್ಟ ಇರುವುದೇ ಅಲ್ಲಿ.

ಮೊಬೈಲ್ ಬ್ಯಾಟರಿಯೊಳಗೆ ಎರಡು ವಿದ್ಯುದ್ವಾರಗಳ ನಡುವೆ ಕಾಗದದಷ್ಟು ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಜಜ್ಜಿ ಹೋಗಿಯೋ, ತಯಾರಿಕೆಯ ದೋಷದಿಂದಲೋ, ಅತಿಯಾಗಿ ಕಾದೋ ಆ ಪೊರೆ ಹಾಳಾದರೆ ಒಳಗೇ ಶಾರ್ಟ್ ಆಗುತ್ತದೆ. ಶಾರ್ಟ್‌ನಿಂದ ಬಿಸಿ, ಬಿಸಿಯಿಂದ ಒಳಗಿನ ರಾಸಾಯನಿಕಗಳ ವಿಭಜನೆ, ವಿಭಜನೆಯಿಂದ ಇನ್ನಷ್ಟು ಬಿಸಿ. ಒಲೆಯ ಮೇಲೆ ಉಕ್ಕುವ ಹಾಲಿನಂತೆ ಇದು ಒಮ್ಮೆ ಶುರುವಾದರೆ ಏರುತ್ತಲೇ ಹೋಗುತ್ತದೆ. ಹಾಲಾದರೆ ಒಲೆ ಆರಿಸಬಹುದು, ಇಲ್ಲಿ ಒಲೆಯೇ ಒಳಗಿದೆ. ಸಾಲದ್ದಕ್ಕೆ ಕಾದ ಬ್ಯಾಟರಿ ತನ್ನೊಳಗಿಂದಲೇ ಆಮ್ಲಜನಕವನ್ನು ಬಿಡುತ್ತದೆ. ಆದ್ದರಿಂದ ಕಂಬಳಿ ಮುಚ್ಚಿ ಉಸಿರುಗಟ್ಟಿಸುವ ಉಪಾಯ ಇಲ್ಲಿ ನಡೆಯದು. ಜ್ವಾಲೆಯನ್ನು ಹ್ಯಾಲನ್ ಆರಿಸಿದರೂ ಒಳಗಿನ ಕಾವು ಹಾಗೇ ಇದ್ದು, ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳಬಹುದು. ಕಾವನ್ನು ಕೊಂಡೊಯ್ಯಲು ನೀರಿನಂಥ ಪದಾರ್ಥ ಇನ್ನೊಂದಿಲ್ಲ. ನೀರು ಸಿಗದಿದ್ದರೆ ತಳ್ಳುಗಾಡಿಯಲ್ಲಿರುವ ಹಣ್ಣಿನ ರಸವೋ ಸೋಡವೋ ಆದರೂ ಸರಿ. ಮಂಜುಗಡ್ಡೆ ಮಾತ್ರ ಬೇಡ ಎಂದು ಸಿಬ್ಬಂದಿಗೆ ಹೇಳಿಕೊಡುತ್ತಾರೆ. ಮಕ್ಕಳಿಗೆ ಇದು ಆಶ್ಚರ್ಯವಾಗಬಹುದು: ಮಂಜುಗಡ್ಡೆ ತಣ್ಣಗಿದೆಯಲ್ಲ? ತಣ್ಣಗಿದೆ, ಆದರೆ ಗಡ್ಡೆಯ ರಾಶಿ ಬ್ಯಾಟರಿಗೆ ಹೊದಿಕೆಯಂತಾಗಿ ಕಾವನ್ನು ಒಳಗೇ ಹಿಡಿದಿಡುತ್ತದೆ.

ಸೀಟು ಖಾಲಿ ಮಾಡಿಸಿದ್ದೇಕೆ? ಬ್ಯಾಟರಿಯ ಕೋಶ ಒಡೆದಾಗ ಉರಿಯುವ ಚೂರುಗಳು ಸಿಡಿಯುತ್ತವೆ. ಅದೂ ಅಲ್ಲದೆ ಸಿಲಿಂಡರ್ ಹಿಡಿದವರಿಗೆ ನಿಲ್ಲಲು, ಬಗ್ಗಲು, ಹಿಂದೆ ಸರಿಯಲು ಜಾಗ ಬೇಕು. ಇಕ್ಕಟ್ಟಾದ ಆ ಓಣಿಯಲ್ಲಿ ನಾಲ್ಕು ಜನ ಎದ್ದು ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯತೊಡಗಿದರೆ ಆಯಿತು.

ವಾಸನೆ ಎಲ್ಲಿಂದ ಬಂತು?

ಇಷ್ಟೆಲ್ಲ ಮಾಡುವುದು ಮೂಲ ಸಿಕ್ಕ ಮೇಲೆ. ಸಿಗುವವರೆಗಿನ ಕೆಲಸವೇ ಕಷ್ಟದ್ದು. ಮನೆಯಲ್ಲಿ ಸುಟ್ಟ ವಾಸನೆ ಬಂದರೆ ಕಿಟಕಿ ತೆರೆದು ಹುಡುಕಬಹುದು. 35,000 ಅಡಿ ಎತ್ತರದಲ್ಲಿ, ಹೊರಗೆ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿಯಲ್ಲಿ, ಕಿಟಕಿಯ ಮಾತೇ ಇಲ್ಲ. ವಿಮಾನದೊಳಗೆ ಗಾಳಿಯ ಒತ್ತಡವನ್ನು ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಒಂದಿಷ್ಟು ಮೇಲೆ ಎಂದುಕೊಳ್ಳಿ. ಆ ಗಾಳಿ ಬರುವುದಾದರೂ ಎಲ್ಲಿಂದ? ಬಹುತೇಕ ವಿಮಾನಗಳಲ್ಲಿ ಎಂಜಿನ್ನಿನಿಂದ! ಎಂಜಿನ್ನಿನ ಮುಂಭಾಗದಲ್ಲಿ ಒತ್ತಿ ಬಿಸಿಯಾದ ಗಾಳಿಯ ಒಂದು ಪಾಲನ್ನು, ಇಂಧನ ಸೇರುವ ಮೊದಲೇ, ಕೊಳವೆಯಲ್ಲಿ ತಂದು, ತಣಿಸಿ ಒಳಗೆ ಬಿಡುತ್ತಾರೆ. ಅದರೊಂದಿಗೆ ಒಳಗಿನ ಗಾಳಿಯನ್ನೇ ಸೋಸಿ ಅರ್ಧದಷ್ಟು ಬೆರೆಸುತ್ತಾರೆ. ಚಾವಣಿಯ ಹತ್ತಿರ ಒಳಬಂದ ಗಾಳಿ ಕಾಲಿನ ಬಳಿಯ ಸಂದುಗಳಿಂದ ಕೆಳಗಿಳಿದು ಕೊನೆಗೆ ಕವಾಟವೊಂದರ ಮೂಲಕ ಹೊರಹೋಗುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ಇಡೀ ಕ್ಯಾಬಿನ್ನಿನ ಗಾಳಿ ಬದಲಾಗಿರುತ್ತದೆ.

ಇದರಿಂದ ಒಂದು ಲಾಭ, ಒಂದು ತೊಡಕು. ಲಾಭವೆಂದರೆ ಸಣ್ಣ ಹೊಗೆ ಬೇಗ ತೆಳುವಾಗುತ್ತದೆ. ತೊಡಕೆಂದರೆ ವಾಸನೆ ಹುಟ್ಟಿದ ಜಾಗ ಒಂದು, ಮೂಗಿಗೆ ಬಡಿಯುವ ಜಾಗ ಇನ್ನೊಂದು. ಸೋಸುವ ಜಾಲರಿ ಹೊಗೆಯ ಕಣಗಳನ್ನು ಹಿಡಿಯುತ್ತದೆ, ಆದರೆ ವಾಸನೆಯ ಅನಿಲ ಅಣುಗಳು ನುಸುಳಿ ಮತ್ತೆ ಸುತ್ತು ಬರುತ್ತವೆ. ಎಂಜಿನ್ನಿನ ಎಣ್ಣೆಯ ಸೀಲು ಸ್ವಲ್ಪ ಸವೆದರೂ ಆ ಎಣ್ಣೆಯ ಹಬೆ ನೇರವಾಗಿ ಕ್ಯಾಬಿನ್ನಿಗೆ ಬರಬಹುದು. ಅದರ ವಾಸನೆ ತೊಳೆಯದ ಕಾಲುಚೀಲದಂತೆ ಇರುತ್ತದೆ ಎಂದು ಸಿಬ್ಬಂದಿ ಹೇಳುವುದುಂಟು. ಹಕ್ಕಿಯೊಂದು ಎಂಜಿನ್ನಿಗೆ ಸಿಕ್ಕಿದರೆ ಗರಿ, ಮಾಂಸ ಸುಟ್ಟ ವಾಸನೆ. ಗ್ಯಾಲಿ ಎಂದು ಕರೆಯುವ ಅಡುಗೆ ಮೂಲೆಯ ಒವೆನ್‌ನಲ್ಲಿ ಚೆಲ್ಲಿದ ಸಾರು ಸೀದರೆ ಅದು ಮನೆಯ ವಾಸನೆಯೇ. ವೈರಿನ ಹೊದಿಕೆ ಕಾದರೆ ಮೂಗಿನ ಹಿಂಭಾಗಕ್ಕೆ ಚುಚ್ಚುವ ಘಾಟು. ಲಿಥಿಯಂ ಬ್ಯಾಟರಿ ಒಡೆಯುವಾಗ ಉಗುರುಬಣ್ಣ ತೆಗೆಯುವ ದ್ರಾವಣವನ್ನು ನೆನಪಿಸುವ ಒಂದು ಬಗೆಯ ಸಿಹಿ ಘಾಟು.

ಹಾಗಾಗಿ "ಏನೋ ಸುಟ್ಟ ವಾಸನೆ ಬರುತ್ತಿದೆ" ಎಂದು ಪೈಲಟ್‌ಗೆ ಹೇಳಿದರೆ ಹೇಳಿದಂತಾಗಲಿಲ್ಲ. ಎಂಥ ವಾಸನೆ, ಎಷ್ಟನೆಯ ಸಾಲಿನಲ್ಲಿ, ಯಾವಾಗಿನಿಂದ, ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ, ಹೊಗೆ ಕಾಣುತ್ತಿದೆಯೋ ಇಲ್ಲವೋ, ಕಂಡರೆ ಯಾವ ಬಣ್ಣ, ಇಷ್ಟನ್ನೂ ಹೇಳಬೇಕು. ಬಾಗಿಲು ಮುಚ್ಚಿಕೊಂಡು ಮುಂದೆ ಕುಳಿತ ಪೈಲಟ್‌ಗೆ ಹಿಂದಿನ ಕಣ್ಣು ಮೂಗು ಎರಡೂ ಇವರೇ. ಎಣ್ಣೆಯ ವಾಸನೆಯಾದರೆ ಅವರು ಆ ಎಂಜಿನ್ನಿನ ಗಾಳಿಯನ್ನು ಮುಚ್ಚುತ್ತಾರೆ. ವೈರಿನ ವಾಸನೆಯಾದರೆ ವಿದ್ಯುತ್ತು ಕಡಿಯುತ್ತಾರೆ. ತಪ್ಪು ವರದಿ ಹೋದರೆ ತಪ್ಪು ಗುಂಡಿ ಒತ್ತುತ್ತಾರೆ. 2022ರ ಅಕ್ಟೋಬರ್ 12ರ ರಾತ್ರಿ ಗೋವಾದಿಂದ ಹೈದರಾಬಾದಿಗೆ ಹೋಗುತ್ತಿದ್ದ ಸ್ಪೈಸ್‌ಜೆಟ್‌ನ ಪ್ರೊಪೆಲ್ಲರ್ ವಿಮಾನದಲ್ಲಿ ಹೊಗೆ ತುಂಬಿಕೊಂಡು ತುರ್ತಾಗಿ ಇಳಿಯಬೇಕಾಯಿತು. ಆಮೇಲೆ ವಿಮಾನಯಾನ ನಿರ್ದೇಶನಾಲಯ ಹೊರಡಿಸಿದ ಆದೇಶ ಏನೆಂದು ನೋಡಿ: ಆ ಬಗೆಯ ವಿಮಾನಗಳ ಎಂಜಿನ್ ಎಣ್ಣೆಯ ಮಾದರಿಯನ್ನು 15 ದಿನಕ್ಕೊಮ್ಮೆ ತಯಾರಕರಿಗೆ ಕಳಿಸಿ ಲೋಹದ ಮತ್ತು ಸೀಲಿನ ಇಂಗಾಲದ ಕಣಗಳಿವೆಯೇ ಎಂದು ಪರೀಕ್ಷಿಸಬೇಕು. ಕ್ಯಾಬಿನ್ನಿನ ಹೊಗೆಯ ಮೂಲವನ್ನು ಎಂಜಿನ್ನಿನ ಎಣ್ಣೆಯಲ್ಲಿ ಹುಡುಕಿದ್ದಾರೆ!

ಇಪ್ಪತ್ತು ನಿಮಿಷದ ಲೆಕ್ಕ

1983ರ ಜೂನ್ 2. ಅಮೆರಿಕದ ಡಲ್ಲಾಸ್‌ನಿಂದ ಕೆನಡಾಕ್ಕೆ ಹೊರಟಿದ್ದ ಏರ್ ಕೆನಡಾ ವಿಮಾನ. ಕೊನೆಯ ಸಾಲಿನಲ್ಲಿ ಕುಳಿತ ಪ್ರಯಾಣಿಕರೊಬ್ಬರು ಸಿಬ್ಬಂದಿಯನ್ನು ಕರೆದು "ಏನೋ ವಿಚಿತ್ರ ವಾಸನೆ" ಎಂದರು. ಆಕೆ ಸಿಲಿಂಡರ್ ಹಿಡಿದು ಹಿಂದಿನ ಶೌಚಾಲಯದ ಬಾಗಿಲನ್ನು ಕೆಲವೇ ಅಂಗುಲ ತೆರೆದು ನೋಡಿದರು. ನೆಲದಿಂದ ಚಾವಣಿಯವರೆಗೆ ಬೂದು ಬಣ್ಣದ ಹೊಗೆ, ಜ್ವಾಲೆ ಇಲ್ಲ. ಇನ್ನೊಬ್ಬ ಸಿಬ್ಬಂದಿ ಬಂದು ಸಿಲಿಂಡರನ್ನು ಒಳಗೆ ಹಾಯಿಸಿ ಬಾಗಿಲು ಮುಚ್ಚಿದರು. ಬೆಂಕಿ ಇದ್ದದ್ದು ಗೋಡೆಯ ಹಲಗೆಗಳ ಹಿಂದೆ, ಕಣ್ಣಿಗೆ ಕಾಣದ ಕಡೆ. ಹೊಗೆ ಕೊಂಚ ಇಳಿದಂತೆ ಕಂಡಿತು, ಕಡಿಮೆಯಾಗುತ್ತಿದೆ ಎಂಬ ಸುದ್ದಿ ಪೈಲಟ್‌ಗೆ ಹೋಯಿತು. ಆಮೇಲೆ ಅದು ನಿಜವಲ್ಲವೆಂದು ತಿಳಿಯಿತು. ಸಿಬ್ಬಂದಿ ಪ್ರಯಾಣಿಕರನ್ನೆಲ್ಲ ಮುಂದಿನ ಸಾಲುಗಳಿಗೆ ತಂದರು, ಒದ್ದೆ ಟವೆಲ್ ಹಂಚಿ ಅದರ ಮೂಲಕ ಉಸಿರಾಡಲು ಹೇಳಿದರು, ತುರ್ತು ಬಾಗಿಲ ಪಕ್ಕದವರಿಗೆ ಅದನ್ನು ತೆರೆಯುವುದನ್ನು ತೋರಿಸಿಕೊಟ್ಟರು. ಮೊದಲ ದೂರು ಬಂದು ಸುಮಾರು 20 ನಿಮಿಷಕ್ಕೆ ವಿಮಾನ ಸಿನ್ಸಿನಾಟಿಯಲ್ಲಿ ಇಳಿಯಿತು. ಬಾಗಿಲು ತೆರೆದು 60ರಿಂದ 90 ಸೆಕೆಂಡು ಕಳೆಯುವಷ್ಟರಲ್ಲಿ, ಒಳನುಗ್ಗಿದ ಹೊಸ ಗಾಳಿಗೆ ಇಡೀ ಕ್ಯಾಬಿನ್ ಭಗ್ಗೆಂದು ಹೊತ್ತಿತು. ಒಳಗಿದ್ದ 46 ಜನರಲ್ಲಿ 23 ಜನ ಸತ್ತರು.

ತನಿಖೆಯ ವರದಿ ಬೆಂಕಿಯ ಮೂಲವನ್ನು ಖಚಿತವಾಗಿ ಹೇಳಲಾರದೆ ಹೋಯಿತು. ಆದರೆ ಬೆಂಕಿಯ ಬಗ್ಗೆ ಪೈಲಟ್‌ಗೆ ಒಂದಕ್ಕೊಂದು ತಾಳೆಯಾಗದ ಸುದ್ದಿ ಹೋದದ್ದನ್ನು ಅದು ಸ್ಪಷ್ಟವಾಗಿ ಎತ್ತಿ ಹೇಳಿತು. ಇಂದು ವಿಮಾನ ಹತ್ತಿದವರು ಕಾಣುವ ಎಷ್ಟೋ ಸಂಗತಿಗಳು ಆ 23 ಸಾವುಗಳ ನಂತರ ಕಡ್ಡಾಯವಾದವು. ಶೌಚಾಲಯದ ಹೊಗೆ ಪತ್ತೆ ಯಂತ್ರ, ಅಲ್ಲಿನ ಕಸದ ಡಬ್ಬಿಯಲ್ಲಿ ತಾನೇ ಸಿಡಿಯುವ ಪುಟ್ಟ ಸಿಲಿಂಡರ್, ಹೊಗೆ ಕವಿದರೂ ಬಾಗಿಲ ದಾರಿ ತೋರುವ ನೆಲದ ದೀಪಗಳು, ಬೇಗ ಹೊತ್ತದ ಸೀಟಿನ ಹೊದಿಕೆ. ಬಿಸಿ ಗಾಳಿಯೊಡನೆ ಹೊಗೆ ಮೇಲೇರುತ್ತದೆ, ಹಾಗಾಗಿ ದಾರಿ ತೋರುವ ದೀಪ ನೆಲದಲ್ಲಿರಬೇಕು. ತೀರಾ ಸರಳವಾದ ಈ ಮಾತು ನಿಯಮವಾಗಲು ಅಷ್ಟು ಜನ ಸಾಯಬೇಕಾಯಿತು. ಶೌಚಾಲಯದ ಬಾಗಿಲಲ್ಲಿ ಇಂದಿಗೂ ಬೂದಿಯ ಡಬ್ಬಿ ಇರುವುದನ್ನು ಕಂಡು "ಸಿಗರೇಟು ಸೇದಬಾರದು ಎನ್ನುತ್ತಾರೆ, ಡಬ್ಬಿ ಏಕೆ ಇಟ್ಟಿದ್ದಾರೆ?" ಎಂದು ನಗುವವರಿದ್ದಾರೆ. ನಿಯಮ ಮುರಿದು ಸೇದುವವನು ತುಂಡನ್ನು ಕಾಗದ ತುಂಬಿದ ಕಸದ ಡಬ್ಬಿಗೆ ಎಸೆಯದಿರಲಿ ಎಂದು! 1973ರಲ್ಲಿ ಪ್ಯಾರಿಸ್ ಬಳಿ ಬ್ರೆಜಿಲ್‌ನ ವ್ಯಾರಿಗ್ ವಿಮಾನದ ಹಿಂದಿನ ಶೌಚಾಲಯದಲ್ಲಿ ಹುಟ್ಟಿದ ಬೆಂಕಿ 123 ಜನರನ್ನು ಬಲಿ ತೆಗೆದುಕೊಂಡಿತ್ತು.

ಈಗಿನ ತರಬೇತಿಯಲ್ಲಿ ಮುಚ್ಚಿದ ಬಾಗಿಲನ್ನಾಗಲಿ ಹಲಗೆಯನ್ನಾಗಲಿ ಮೊದಲು ಕೈಯ ಹಿಂಬದಿಯಿಂದ ಮುಟ್ಟಿ ನೋಡಲು ಕಲಿಸುತ್ತಾರೆ. ಅಲ್ಲಿನ ಚರ್ಮ ಅಂಗೈಗಿಂತ ತೆಳು, ಕಾವು ಬೇಗ ತಿಳಿಯುತ್ತದೆ; ಸುಟ್ಟರೂ ಸಿಲಿಂಡರ್ ಹಿಡಿಯಲು ಅಂಗೈ ಉಳಿದಿರುತ್ತದೆ. ಬಾಗಿಲು ಬಿಸಿಯಿದ್ದರೆ ಪೂರ್ತಿ ತೆರೆಯುವಂತಿಲ್ಲ. ಸಿಲಿಂಡರಿನ ಮೂತಿ ತೂರುವಷ್ಟು ಮಾತ್ರ ಸರಿಸಿ ಹಾಯಿಸಿ ಮತ್ತೆ ಮುಚ್ಚಬೇಕು. ಒಬ್ಬರು ಬೆಂಕಿಯ ಮುಂದೆ, ಒಬ್ಬರು ಪೈಲಟ್‌ನೊಂದಿಗೆ ಫೋನಿನಲ್ಲಿ, ಒಬ್ಬರು ಇನ್ನೊಂದು ಸಿಲಿಂಡರ್ ಮತ್ತು ಹೊಗೆಮುಸುಕು ತರಲು. ತಲೆಯನ್ನಿಡೀ ಮುಚ್ಚುವ ಆ ಮುಸುಕಿಗೆ ಅದರದೇ ಆಮ್ಲಜನಕವಿದ್ದು ಸುಮಾರು 15 ನಿಮಿಷ ಬರುತ್ತದೆ.

ಇಲ್ಲಿ ಬಹಳ ಜನ ಕೇಳುವ ಪ್ರಶ್ನೆಯೊಂದಿದೆ. ಹೊಗೆ ತುಂಬಿದಾಗ ಪ್ರಯಾಣಿಕರಿಗೆ ಮೇಲಿನಿಂದ ಆಮ್ಲಜನಕದ ಮುಖವಾಡ ಏಕೆ ಬೀಳಿಸುವುದಿಲ್ಲ? ಆ ಹಳದಿ ಬಟ್ಟಲು ಮಾಡಿರುವುದು ಗಾಳಿಯ ಒತ್ತಡ ಕುಸಿದಾಗ ಉಪಯೋಗಕ್ಕೆ. ಅದು ಸುತ್ತಲಿನ ಗಾಳಿಯನ್ನೂ ಬೆರೆಸಿಕೊಂಡೇ ಉಸಿರಿಗೆ ಕೊಡುತ್ತದೆ; ಹೊಗೆಯಲ್ಲಿ ಅದನ್ನು ಧರಿಸಿದರೆ ಹೊಗೆಯನ್ನೇ ಸೇದಿದಂತೆ. ಮೇಲಾಗಿ ಬೆಂಕಿ ಇರುವ ಕಡೆಗೆ ಆಮ್ಲಜನಕ ಸುರಿಯುವುದು ಎಂಥ ಕೆಲಸ ಎಂದು ಹೈಸ್ಕೂಲಿನ ಹುಡುಗನೂ ಹೇಳಬಲ್ಲ. ತಲೆ ತಗ್ಗಿಸಿ, ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿಯುವುದೇ ಸರಿ. ಒದ್ದೆ ಬಟ್ಟೆ ಮಸಿಯ ಕಣಗಳನ್ನೂ ನೀರಿನಲ್ಲಿ ಕರಗುವ ಕೆಲವು ಅನಿಲಗಳನ್ನೂ ತಡೆಯುತ್ತದೆ. ಕಾರ್ಬನ್ ಮಾನಾಕ್ಸೈಡನ್ನು ತಡೆಯುವುದಿಲ್ಲ. ಅದಕ್ಕೆ ಮದ್ದು ಒಂದೇ, ಬೇಗ ಇಳಿದು ಹೊರಬರುವುದು.

ಮೂಗು ಬೇಗ ದಣಿಯುತ್ತದೆ ಎಂದೆವಲ್ಲ, ಆ ಸಂಗತಿ ಅತ್ಯಂತ ಮುಖ್ಯವಾಗಿ ಕಾಣುವುದು 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111ರ ಕಥೆಯಲ್ಲಿ. ಅಲ್ಲಿ ವಾಸನೆ ಮೊದಲು ಬಂದದ್ದು ಪೈಲಟ್‌ಗಳ ಕೋಣೆಗೆ. ಅವರು ಸಿಬ್ಬಂದಿಯೊಬ್ಬರನ್ನು ಒಳಗೆ ಕರೆಸಿ ಕೇಳಿದರು. ಇಲ್ಲಿ ವಾಸನೆ ಬರುತ್ತಿದೆ, ಹಿಂದೆ ಕ್ಯಾಬಿನ್ನಿನಲ್ಲಿ ಬಂದಿರಲಿಲ್ಲ ಎಂದರು ಆಕೆ. ದಣಿಯದ, ಹೊಸ ಮೂಗಿನ ಸಾಕ್ಷ್ಯ ಅದು, ನಿಜವಾದ ಸಾಕ್ಷ್ಯವೂ ಹೌದು. ಆದರೆ ವೈರಿನ ಕಿಡಿಯಿಂದ ಹುಟ್ಟಿದ ಬೆಂಕಿ ಚಾವಣಿಯ ಮೇಲೆ, ಯಾರ ಕೈಗೂ ಕಣ್ಣಿಗೂ ನಿಲುಕದ ಜಾಗದಲ್ಲಿ, ಶಾಖ ತಡೆಯಲೆಂದು ಹೊದಿಸಿದ್ದ ಹೊಳೆಯುವ ಪ್ಲಾಸ್ಟಿಕ್ ಹಾಳೆಯನ್ನೇ ಹಿಡಿದು ಹರಡುತ್ತಿತ್ತು. ಮೊದಲ ವಾಸನೆಯಿಂದ ಸುಮಾರು 21 ನಿಮಿಷಕ್ಕೆ ವಿಮಾನ ಕೆನಡಾದ ಕರಾವಳಿಯ ಬಳಿ ಸಮುದ್ರಕ್ಕೆ ಬಿತ್ತು. 229 ಜನರಲ್ಲಿ ಯಾರೂ ಉಳಿಯಲಿಲ್ಲ. ಆ ಬಗೆಯ ಹಾಳೆಯನ್ನು ಆಮೇಲೆ ನೂರಾರು ವಿಮಾನಗಳಿಂದ ಕಿತ್ತುಹಾಕಬೇಕಾಯಿತು. ಅಲ್ಲಿಂದ ಮುಂದೆ ಪೈಲಟ್‌ಗಳ ಪಾಠವೂ ಬದಲಾಯಿತು: ಮೂಲ ಬೇಗ ಸಿಗದಿದ್ದರೆ ಹುಡುಕುತ್ತ ಕೂರಬೇಡ, ಹತ್ತಿರದ ನಿಲ್ದಾಣದ ಕಡೆ ತಿರುಗಿಸು.

ಇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. 1980ರ ಆಗಸ್ಟ್ 19ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಹೊಗೆ ತುಂಬಿದ ಸೌದಿಯಾ ವಿಮಾನವೊಂದು ಸುರಕ್ಷಿತವಾಗಿಯೇ ನೆಲ ಮುಟ್ಟಿತು. ಎಲ್ಲರನ್ನೂ ಹೊರಗಿಳಿಸೋಣವೇ ಎಂದು ಸಿಬ್ಬಂದಿ ಅದಕ್ಕೆ ಮೊದಲೇ ಮತ್ತೆ ಮತ್ತೆ ಕೇಳಿದ್ದರು. ಅಪ್ಪಣೆ ಬರಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಒಳಗಿದ್ದ 301 ಜನರೂ ಸತ್ತಿದ್ದರು. ಇದನ್ನು ಓದಿದ ಮೇಲೆ 2024ರ ಮೇ 18ರ ರಾತ್ರಿ ನಮ್ಮ ಬೆಂಗಳೂರಿನಲ್ಲಿ ನಡೆದದ್ದರ ಬೆಲೆ ತಿಳಿಯುತ್ತದೆ. ಪುಣೆಯಿಂದ ಬಂದು ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮೇಲೇರುತ್ತಿದ್ದಂತೆ ಬಲಗಡೆಯ ಎಂಜಿನ್ನಿನಲ್ಲಿ ಬೆಂಕಿ ಕಾಣಿಸಿತು. ವಿಮಾನ ತಿರುಗಿ ಬಂದು ಇಳಿಯಿತು, ಸಿಬ್ಬಂದಿ 179 ಪ್ರಯಾಣಿಕರನ್ನೂ ಹೊರಗಿಳಿಸಿದರು. ಅರ್ಧದಷ್ಟು ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವಂತಿರಬೇಕು ಎಂಬುದು ಪ್ರತಿ ಹೊಸ ಮಾದರಿಯ ವಿಮಾನ ಪಾಸಾಗಬೇಕಾದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಯಾರೂ ಮೇಲಿನ ಗೂಡಿನಿಂದ ಸೂಟ್‌ಕೇಸ್ ಇಳಿಸುತ್ತ ನಿಲ್ಲುವುದಿಲ್ಲ ಎಂಬುದನ್ನು ನೆನಪಿಡಬೇಕು.

ಯಂತ್ರಗಳಿರುವಾಗ ಮೂಗೇಕೆ ಎನ್ನಬಹುದು. 2022ರ ಆಗಸ್ಟ್ 12ರಂದು ಬೆಂಗಳೂರಿನಿಂದ ಮಾಲ್ಡೀವ್ಸ್‌ನ ಮಾಲೆಗೆ ಹೊರಟ ಗೋ ಫಸ್ಟ್ ವಿಮಾನದಲ್ಲಿ ಹೊಗೆಯ ಎಚ್ಚರಿಕೆ ಗಂಟೆ ಬಡಿಯಿತು. ಪೈಲಟ್ ಕೊಯಮತ್ತೂರಿನಲ್ಲಿ ಇಳಿಸಿದರು. ಪರೀಕ್ಷಿಸಿದರೆ ಗಂಟೆಯದೇ ದೋಷ, ಹೊಗೆ ಇರಲಿಲ್ಲ. ಯಂತ್ರ ಬಡಿದಾಗ ಇಳಿಸಿದ್ದೇ ಸರಿ. ಸುಳ್ಳು ಗಂಟೆಗೆ ಕಳೆದ ಹೊತ್ತು ಯಾರ ಜೀವವನ್ನೂ ತೆಗೆಯದು. ಆದರೆ ಇದರ ತಿರುಗುಮುರುಗೂ ಉಂಟು. ಹೊಗೆ ಪತ್ತೆ ಯಂತ್ರ ಹಿಡಿಯುವುದು ಹೊಗೆಯ ಕಣಗಳನ್ನು. ವಸ್ತು ಇನ್ನೂ ಕಾಯುತ್ತಿರುವಾಗ, ಕಣ ಹುಟ್ಟುವ ಮೊದಲೇ, ಅನಿಲದ ಅಣುಗಳು ಹೊರಡುತ್ತವೆ. ಅವುಗಳನ್ನು ಹಿಡಿಯಲು ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಅವುಗಳನ್ನು ಪತ್ತೆ ಹಚ್ಚಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂತು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲವೆಂದು ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುವುದೂ ಈ ಮೂಗನ್ನು ನಂಬಿಯೇ.

ವಿಮಾನದೊಳಗೆ ನೂರಾರು ಮೂಗುಗಳಿರುತ್ತವೆ. ಏರ್ ಕೆನಡಾದಲ್ಲೂ ಚೆನ್ನೈ ವಿಮಾನದಲ್ಲೂ ಮೊದಲು ಹೇಳಿದವರು ಪ್ರಯಾಣಿಕರೇ ಎಂಬುದನ್ನು ಗಮನಿಸಿ. ನಮ್ಮ ಜನಕ್ಕೆ ಇಲ್ಲೊಂದು ಸಂಕೋಚ. "ಬೇರೆಯವರು ಸುಮ್ಮನಿದ್ದಾರೆ, ನಾನೇಕೆ ಕರೆಯಲಿ, ಇಂಗ್ಲಿಷ್ ಬೇರೆ ಬರುವುದಿಲ್ಲ" ಎಂದು ಕುಳಿತುಬಿಡುತ್ತಾರೆ. ಮೂಗು ತೋರಿಸಿ ಮೇಲಿನ ಗೂಡು ತೋರಿಸಿದರೆ ಸಾಕು, ಅದಕ್ಕೆ ಯಾವ ಭಾಷೆಯೂ ಬೇಡ.

ಕೊನೆಯದಾಗಿ ಒಂದು ಲೆಕ್ಕ, ವಿದ್ಯಾರ್ಥಿಗಳಿಗಾಗಿ. ಈಗ ಕಾಲೇಜು ಮಕ್ಕಳ ಚೀಲದಲ್ಲಿರುವ ಪವರ್ ಬ್ಯಾಂಕ್ ಮೇಲೆ 20,000 ಮಿಲಿ ಆಂಪಿಯರ್ ಗಂಟೆ ಎಂದು ಬರೆದಿರುತ್ತದೆ. ಅಂದರೆ 20 ಆಂಪಿಯರ್ ಗಂಟೆ. ಕೋಶದ ವೋಲ್ಟೇಜು 3.7. ಗುಣಿಸಿದರೆ 74 ವಾಟ್ ಗಂಟೆ. ಗಂಟೆಗೆ 3,600 ಸೆಕೆಂಡು, ಹಾಗಾಗಿ 2,66,400 ಜೂಲ್. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 88 ಡಿಗ್ರಿಯವರೆಗೆ ಕಾಯಿಸುವಷ್ಟು ಶಕ್ತಿ! ತುಂಬಿಸಿದ ವಿದ್ಯುತ್ತಿನ ಲೆಕ್ಕ ಮಾತ್ರ ಇದು. ಬ್ಯಾಟರಿಯೊಳಗಿನ ದ್ರಾವಣ ಉರಿದಾಗ ಬರುವ ಶಾಖ ಬೇರೆ. 2025ರ ಜನವರಿ 28ರಂದು ದಕ್ಷಿಣ ಕೊರಿಯದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನದ ಮೇಲಿನ ಗೂಡಿನಲ್ಲಿ ಬೆಂಕಿ ಹುಟ್ಟಿ ವಿಮಾನದ ಚಾವಣಿಯೇ ಸುಟ್ಟುಹೋಯಿತು. ಒಳಗಿದ್ದ 176 ಜನರೂ ಹೊರಬಂದು ಉಳಿದರು. ತನಿಖೆ ಮಾಡಿದವರ ಸಂಶಯ ಹೋದದ್ದು ಒಂದು ಪವರ್ ಬ್ಯಾಂಕ್ ಮೇಲೆ. ಆಮೇಲೆ ಹಲವು ಸಂಸ್ಥೆಗಳು ಅದನ್ನು ಗೂಡಿನಲ್ಲಿಡದೆ ಕೈಗೆಟುಕುವಲ್ಲಿ ಇಟ್ಟುಕೊಳ್ಳಿ ಎನ್ನುತ್ತಿವೆ.

ಸಾಮಾನಿನ ತೂಕ ಮಾಡುವ ಕಡೆ ಸಿಬ್ಬಂದಿ "ಚೀಲದಲ್ಲಿ ಪವರ್ ಬ್ಯಾಂಕ್ ಇದೆಯಾ?" ಎಂದು ಕೇಳಿ ತೆಗೆಸುವುದು ಇದಕ್ಕೇ. ಇಷ್ಟು ಅಪಾಯದ ವಸ್ತುವನ್ನು ಜನರಿಂದ ದೂರ, ಕೆಳಗಿನ ಸಾಮಾನಿನ ಕೋಣೆಗೆ ಹಾಕುವುದು ಬಿಟ್ಟು ಪಕ್ಕದಲ್ಲೇ ಇಟ್ಟುಕೊಳ್ಳಿ ಎನ್ನುತ್ತಾರಲ್ಲ ಎಂದು ಎಷ್ಟೋ ತಂದೆತಾಯಿಯರು ಬೆರಗಾಗುತ್ತಾರೆ. ಕೆಳಗಿನ ಕೋಣೆಯಲ್ಲೂ ಹೊಗೆ ಪತ್ತೆ ಯಂತ್ರವಿದೆ, ಹ್ಯಾಲನ್ ಇದೆ. ಆದರೆ ಜ್ವಾಲೆ ಆರಿದ ಮೇಲೂ ಕಾಯುತ್ತಲೇ ಇರುವ ಬ್ಯಾಟರಿಗೆ ನೀರು ಹೊಯ್ಯುವ ಕೈ ಅಲ್ಲಿಲ್ಲ, ಅದಕ್ಕೂ ಮೊದಲು "ಏನೋ ವಾಸನೆ ಬರುತ್ತಿದೆಯಲ್ಲ" ಎನ್ನುವ ಮೂಗು ಅಲ್ಲಿಲ್ಲ.